ಪದಕ ಕೊಳ್ಳಿ, ಜೊತೆಗಿರೋ ಕಾಗದ ಬಿಡಬೇಡಿ

ಜರ್ಮನಿಯಲ್ಲಿ ಕೆಲಸಕ್ಕಿರೋ ನಮ್ಮವರಿಗೆ ಭಾನುವಾರದ ಹಳೇ ಸಾಮಾನಿನ ಸಂತೆ ಗೊತ್ತೇ ಇರುತ್ತೆ. ಬರ್ಲಿನ್‌ನ ಮೌವರ್‌ಪಾರ್ಕ್ ಸಂತೆಯಂತೂ ಪ್ರವಾಸಿಗರಿಗೂ ಪರಿಚಿತ. ಇಂಥ ಸಂತೆಗಳಲ್ಲಿ ಹಳೇ ಕ್ಯಾಮೆರಾ, ಪಿಂಗಾಣಿ ಬಟ್ಟಲುಗಳ ಮಧ್ಯೆ ಒಮ್ಮೊಮ್ಮೆ ಒಂದು ಕಪ್ಪು ಶಿಲುಬೆ ಕಣ್ಣಿಗೆ ಬೀಳುತ್ತೆ. ನಡುವೆ ಕಪ್ಪು ಕಬ್ಬಿಣ, ಸುತ್ತ ಬೆಳ್ಳಿಯ ಅಂಚು. ಅದೇ ಐರನ್ ಕ್ರಾಸ್. ಚಕ್ರವರ್ತಿ ಕೈಸರ್ ಕಾಲದ ಸೇನಾ ಪದಕಗಳನ್ನ ಸಂಗ್ರಹಿಸೋ ಹವ್ಯಾಸ ಬಹಳ ಜನರಿಗೆ ಇಲ್ಲಿಂದಲೇ ಶುರುವಾಗುತ್ತೆ.

“ನೋಡಿ, 1813 ಅಂತ ಇದೆ, ಇನ್ನೂರು ವರ್ಷ ಹಳೇದು” ಅಂತ ಯಾರಾದ್ರೂ ಹೇಳಿದರೆ ಪರ್ಸ್ ತೆಗೀಬೇಡಿ. ಮೊದಲು ಪದಕ ತಿರುಗಿಸಿ ನೋಡಿ.

ಪ್ರಷ್ಯಾದ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಈ ಪದಕವನ್ನು 1813ರಲ್ಲಿ, ನೆಪೋಲಿಯನ್ ವಿರುದ್ಧದ ಯುದ್ಧಕ್ಕಾಗಿ ಆರಂಭಿಸಿದ. ಫ್ರಾನ್ಸ್ ಜೊತೆ ಯುದ್ಧವಾದಾಗ 1870ರಲ್ಲಿ, ಮೊದಲ ಮಹಾಯುದ್ಧಕ್ಕೆ 1914ರಲ್ಲಿ ಅದು ಮತ್ತೆ ಬಂತು. ಎದೆಗೆ ರಿಬ್ಬನ್ನಿನಲ್ಲಿ ತೂಗೋ ಎರಡನೇ ದರ್ಜೆಯ ಪದಕಗಳಲ್ಲಿ ಸ್ಥಾಪನೆಯ ನೆನಪಿಗೆ ಒಂದು ಬದಿಯಲ್ಲಿ 1813 ಹಾಗೇ ಉಳೀತು. ಅಸಲಿ ವಿಷಯ ಇನ್ನೊಂದು ಬದಿಯಲ್ಲಿರುತ್ತೆ. ಕಿರೀಟ, ‘ಡಬ್ಲ್ಯೂ’ ಅಕ್ಷರ, ಕೆಳಗೆ 1870 ಅಥವಾ 1914 ಇದ್ದರೆ ಅದು ಆ ಯುದ್ಧದ್ದು. ಸ್ವಸ್ತಿಕದ ಜೊತೆ 1939 ಇದ್ದರೆ ಅದು ಹಿಟ್ಲರ್ ಕಾಲದ್ದು, ಕೈಸರ್ ಕಾಲದ್ದಲ್ಲ. ನಿಜವಾದ 1813ರ ಪದಕದ ಇನ್ನೊಂದು ಬದಿ ಖಾಲಿ ಇರುತ್ತೆ.

ಇನ್ನು ಅಸಲಿ, ನಕಲಿ ಪ್ರಶ್ನೆ. ಸಾಮಾನ್ಯವಾಗಿ ಅಸಲಿ ಶಿಲುಬೆ ಮೂರು ಭಾಗದ್ದು: ನಡುವೆ ಕಬ್ಬಿಣದ ತಿರುಳು, ಅದನ್ನ ಹಿಡಿದಿಟ್ಟ ಎರಡು ಚೌಕಟ್ಟು. ಚೌಕಟ್ಟುಗಳು ಬೆಸೆದ ಗೆರೆ ಅಂಚಿನಲ್ಲಿ ಹುಡುಕಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ಅನುಮಾನ ಪಡಿ. ಪುಟ್ಟ ಅಯಸ್ಕಾಂತ ಜೇಬಲ್ಲಿರಲಿ. ತಿರುಳಿಗೆ ಅಂಟದೇ ಹೋದರೆ ಹುಷಾರಾಗಬೇಕು. ಹಾಗಂತ ಅಂಟಿದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ನಕಲಿ ಮಾಡೋರಿಗೂ ಕಬ್ಬಿಣ ಸಿಗುತ್ತೆ! ರಿಬ್ಬನ್ ಹಾಕೋ ಬಳೆಯ ಮೇಲೆ ತಯಾರಕರ ಪುಟ್ಟ ಗುರುತು ಇದ್ದರೆ ಭೂತಗನ್ನಡಿಯಲ್ಲಿ ನೋಡಿ.

ರಿಬ್ಬನ್ನೂ ಮಾತಾಡುತ್ತೆ. ಕಪ್ಪು ಪಟ್ಟಿಗೆ ಬಿಳಿ ಅಂಚಿದ್ದರೆ ರಣರಂಗದಲ್ಲಿ ಕಾದಾಡಿದವನದು. ಬಿಳಿ ಪಟ್ಟಿಗೆ ಕಪ್ಪು ಅಂಚಿದ್ದರೆ ಕಾದಾಡದೆ ಸೇವೆ ಮಾಡಿದವರಿಗೆ ಕೊಟ್ಟದ್ದು. ಆದರೆ ರಿಬ್ಬನ್ ಬದಲಾಯಿಸೋದು ಎರಡು ನಿಮಿಷದ ಕೆಲಸ, ಅದೊಂದನ್ನೇ ನಂಬಬೇಡಿ.

ಕೈಸರ್ ಕಾಲದ ಇನ್ನೊಂದು ಸಾಮಾನ್ಯ ಬ್ಯಾಡ್ಜ್ ಅಂದರೆ 1918ರ ಮಾರ್ಚ್‌ನಲ್ಲಿ ಬಂದ ಗಾಯಾಳು ಬ್ಯಾಡ್ಜ್. ಅದರಲ್ಲಿ ಉಕ್ಕಿನ ಹೆಲ್ಮೆಟ್, ಹಿಂದೆ ಎರಡು ಕತ್ತಿ. ಒಂದೆರಡು ಸಲ ಗಾಯವಾದವರಿಗೆ ಕಪ್ಪು, ಮೂರು ನಾಲ್ಕು ಸಲ ಆದರೆ ಬೆಳ್ಳಿ ಬಣ್ಣ, ಐದು ಅಥವಾ ಹೆಚ್ಚಾದರೆ ಚಿನ್ನದ ಬಣ್ಣ. ಇಲ್ಲೂ ಹೆಲ್ಮೆಟ್ ಮೇಲೆ ಸ್ವಸ್ತಿಕ ಇದ್ದರೆ ಅದು ಆಮೇಲಿನದು.

ಇಷ್ಟು ಕಲಿತರೆ ಮೋಸ ಹೋಗೋದು ಕಡಿಮೆಯಾಗುತ್ತೆ. ಆದರೆ ಒಂದು ಪ್ರಶ್ನೆ ಉಳಿಯುತ್ತೆ: ಇದನ್ನ ಧರಿಸಿದ್ದವನು ಯಾರು?

ಬ್ರಿಟಿಷರ ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ಪಡೆ ಕೆತ್ತಿರುತ್ತಿತ್ತು. ಭಾರತೀಯ ಸಿಪಾಯಿಗಳಿಗೆ ಕೊಟ್ಟದ್ದರಲ್ಲೂ ಅಷ್ಟೇ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರನೊಬ್ಬನ ಪದಕ ಸಿಕ್ಕರೆ, ಅಂಚು ನೋಡಿ ಅವನ ಹೆಸರು ಓದಬಹುದು. ಐರನ್ ಕ್ರಾಸ್‌ನಲ್ಲಿ ಸರ್ಕಾರ ಹೆಸರು ಹಾಕುತ್ತಿರಲಿಲ್ಲ. 1914ರ ಎರಡನೇ ದರ್ಜೆಯ ಶಿಲುಬೆ ಕೊಟ್ಟದ್ದು ಸುಮಾರು 50 ಲಕ್ಷ ಜನರಿಗೆ. ಒಂದರಂತೆ ಇನ್ನೊಂದು, ಎಲ್ಲವೂ ಅನಾಮಧೇಯ.

ಹೆಸರು ಇರೋದು ಕಾಗದದಲ್ಲಿ. ಪದಕದ ಪ್ರಮಾಣಪತ್ರ, ಮತ್ತೆ ಮಿಲಿಟೇರ್‌ಪಾಸ್ ಅನ್ನೋ ಪುಟ್ಟ ಪುಸ್ತಕ. ಅದರಲ್ಲಿ ಹುಟ್ಟಿದ ದಿನ, ಊರು, ಸೇರಿದ ಪಡೆ, ಕಾದಾಡಿದ ಕಡೆ, ಸಿಕ್ಕ ಪದಕ ಎಲ್ಲಾ ಬರೆದಿರುತ್ತೆ. ಪ್ರಷ್ಯಾ ಸೈನಿಕರ ವಿಷಯದಲ್ಲಂತೂ ಈ ಪುಸ್ತಕಕ್ಕೆ ಬೆಲೆ ಕಟ್ಟೋಕಾಗಲ್ಲ. ಯಾಕಂದ್ರೆ ಪ್ರಷ್ಯಾ ಸೇನೆಯ ದಾಖಲೆಗಳಿದ್ದ ಪಾಟ್ಸ್‌ಡ್ಯಾಮ್‌ನ ಸೇನಾ ಪತ್ರಾಗಾರ 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಸೈನಿಕರ ಕಡತಗಳಲ್ಲಿ ಬಹುಪಾಲು ಬೂದಿಯಾದವು. ಬವೇರಿಯಾ ಸೈನಿಕರದ್ದು ಮ್ಯೂನಿಕ್‌ನಲ್ಲಿ ಉಳಿದಿದೆ, ಹುಡುಕಿದರೆ ಸಿಗಬಹುದು. ಪ್ರಷ್ಯಾದವನಾದರೆ, ಅವನು ಯಾವ ಕಂದಕದಲ್ಲಿದ್ದ, ಎಷ್ಟು ಸಲ ಗಾಯಗೊಂಡ ಅನ್ನೋದಕ್ಕೆ ಆ ಮುದುಡಿದ ಪುಸ್ತಕ ಒಂದೇ ಸಾಕ್ಷಿ ಆಗಿರಬಹುದು.

ಆದರೆ ವ್ಯಾಪಾರದ ಲೆಕ್ಕ ಬೇರೆ. ಒಂದೇ ಮನೆಯಿಂದ ಬಂದ ಗಂಟನ್ನ ಬಿಚ್ಚಿ ಪದಕ ಒಬ್ಬರಿಗೆ, ಫೋಟೋ ಒಬ್ಬರಿಗೆ, ಪುಸ್ತಕ ಇನ್ನೊಬ್ಬರಿಗೆ ಮಾರಿದರೆ ಹೆಚ್ಚು ದುಡ್ಡು ಬರುತ್ತೆ ಅನ್ನೋರಿದ್ದಾರೆ. ಒಮ್ಮೆ ಚೆದುರಿದರೆ ಮತ್ತೆ ಜೋಡಿಸೋದು ಅಸಾಧ್ಯ ಅಂತಲೇ ಇಟ್ಟುಕೊಳ್ಳಿ, ಶಿಲುಬೆಯಲ್ಲಿ ಹೆಸರೇ ಇಲ್ಲವಲ್ಲ!

ಹಾಗಾಗಿ ಮುಂದಿನ ಸಲ ಪದಕದ ಬೆಲೆ ಕೇಳೋ ಮೊದಲು, “ಇದರ ಜೊತೆ ಬೇರೆ ಏನು ಬಂತು?” ಅಂತ ಕೇಳಿ. ಕಾಗದ ಇದ್ದರೆ ಎಲ್ಲಾ ಒಟ್ಟಿಗೆ ತಗೊಳ್ಳಿ, ಆಗದಿದ್ದರೆ ಒಟ್ಟಿಗೆ ಕೊಳ್ಳೋರಿಗೆ ಬಿಡಿ. ಮನೆಗೆ ತಂದ ದಿನವೇ ಪುಟಪುಟವೂ ಫೋನ್‌ನಲ್ಲಿ ಫೋಟೋ ತೆಗೆದು, ಎಲ್ಲಿ, ಯಾವತ್ತು ಕೊಂಡಿರಿ ಅಂತ ಬರೆದಿಡಿ. ಪದಕಕ್ಕೆ ಪಾಲಿಶ್ ಹಾಕಬೇಡಿ, ಹಳೆಯ ಕಪ್ಪು ಬಣ್ಣ ಒಮ್ಮೆ ಹೋದರೆ ಹೋಯ್ತು. ಒಳಗಿನ ಹಳೇ ಜರ್ಮನ್ ಕೈಬರಹ ಈಗಿನ ಜರ್ಮನ್ನರಿಗೇ ಕಷ್ಟ, ಓದಬಲ್ಲ ಹಿರಿಯರೊಬ್ಬರನ್ನ ಹುಡುಕಿ. ಅವರು ಓದಿದ್ದನ್ನ ಆ ಪುಸ್ತಕದ ಜೊತೆಗೇ ಇಡಿ. ನಾಳೆ ನೀವು ಮಾರಿದರೂ ಆ ಮನುಷ್ಯನ ಹೆಸರು ಅವನ ಪದಕದ ಜೊತೆಗೇ ಹೋಗಲಿ.