ಮಧುಮೇಹಿಯ ಮನಸ್ಸಿಗೆ ಯಂತ್ರವೊಂದೇ ಸಾಕೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜು ಮಾಡಿತು. ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮಧುಮೇಹಿಯ ಕಣ್ಣು, ಮೂತ್ರಪಿಂಡ, ಪಾದಗಳ ಕುರಿತು ನಾವು ವಿಚಾರಿಸುತ್ತೇವೆ. ಮನಸ್ಸಿನ ಕುರಿತು ವಿಚಾರಿಸುವವರು ವಿರಳ.

ಈ ಕಾಯಿಲೆಯ ಆರೈಕೆಗೆ ಬಿಡುವೆಂಬುದಿಲ್ಲ. ಊಟದ ಅಳತೆ, ಮಾತ್ರೆಯ ವೇಳೆ, ಇನ್ಸುಲಿನ್ ಚುಚ್ಚುಮದ್ದು, ರಕ್ತಪರೀಕ್ಷೆ, ನಡಿಗೆ, ಇವೆಲ್ಲವನ್ನೂ ರೋಗಿಯು ವರ್ಷದ 365 ದಿನವೂ ತಾನೇ ನಿರ್ವಹಿಸಬೇಕು. ಇಷ್ಟೆಲ್ಲ ಮಾಡಿಯೂ ಸಕ್ಕರೆಯ ಪ್ರಮಾಣ ಏರಿದಾಗ ನಿರಾಶೆ, ಅಪರಾಧಪ್ರಜ್ಞೆ, ಭವಿಷ್ಯದ ಭಯ ಮನಸ್ಸನ್ನು ಮುತ್ತುತ್ತವೆ. ತಜ್ಞರು ಇದನ್ನು ಮಧುಮೇಹದ ಸಂಕಟವೆಂದು ಪ್ರತ್ಯೇಕವಾಗಿಯೇ ಗುರುತಿಸಿದ್ದಾರೆ. ಖಿನ್ನತೆ ಇದಕ್ಕಿಂತ ಭಿನ್ನ. ಅದು ಕಾಯಿಲೆಯ ಚಿಂತೆಗಷ್ಟೇ ಸೀಮಿತವಾಗದೆ ಇಡೀ ಬದುಕಿನ ಆಸಕ್ತಿಯನ್ನೇ ಬತ್ತಿಸುತ್ತದೆ. ಮಧುಮೇಹಿಗಳಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಖಿನ್ನರಾದವರು ಔಷಧಿಯನ್ನು ಅಲಕ್ಷಿಸುತ್ತಾರೆ, ಸಕ್ಕರೆ ಏರುತ್ತದೆ, ಮನಸ್ಸು ಮತ್ತಷ್ಟು ಕುಸಿಯುತ್ತದೆ.

ಈ ಸುಳಿಯಿಂದ ಪಾರಾಗಲು ಅನೇಕರು ಇಂದು ಅಂತರ್ಜಾಲದ ಸ್ವಸಹಾಯ ಪಾಠಗಳನ್ನು ಆಶ್ರಯಿಸುತ್ತಿದ್ದಾರೆ. ಮನೋವೈದ್ಯರ ಬಾಗಿಲಲ್ಲಿ ಕಂಡರೆ ಜನ ಏನೆಂದಾರು ಎಂಬ ಅಂಜಿಕೆ, ನಗರದ ದೂರ, ಶುಲ್ಕದ ಭಾರ, ಮೊಬೈಲಿನ ಪಾಠಕ್ಕೆ ಇದಾವುದರ ಅಡ್ಡಿಯೂ ಇಲ್ಲ. ಉತ್ತಮ ಪಾಠಕ್ರಮಗಳು ಚಿಂತೆಗಳನ್ನು ಬರೆದಿಡಲು, ಅತಿರೇಕದ ಆಲೋಚನೆಗಳನ್ನು ಪ್ರಶ್ನಿಸಲು, ಕೈಬಿಟ್ಟ ಚಟುವಟಿಕೆಗಳನ್ನು ಸ್ವಲ್ಪಸ್ವಲ್ಪವಾಗಿ ಪುನಃ ಆರಂಭಿಸಲು ಕಲಿಸುತ್ತವೆ. ಆದರೆ ಇವುಗಳಿಂದ ನಿಜವಾದ ಪ್ರಯೋಜನವುಂಟೇ?

ಜರ್ಮನಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದ 260 ಮಧುಮೇಹಿಗಳನ್ನು ಕುರಿತು ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾಠಗಳ ಜೊತೆಗೆ ತರಬೇತಿ ಪಡೆದ ಮಾರ್ಗದರ್ಶಕರ ಸಲಹೆಯೂ ದೊರೆಯುತ್ತಿತ್ತು. ಅಲ್ಲಿ ಖಿನ್ನತೆಯೂ ಮಧುಮೇಹದ ಸಂಕಟವೂ ಗಣನೀಯವಾಗಿ ತಗ್ಗಿದವು. ಆಸ್ಟ್ರೇಲಿಯಾದಲ್ಲಿ 700ಕ್ಕೂ ಹೆಚ್ಚು ಮಂದಿ ಪಾಲ್ಗೊಂಡು, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಠಗಳಿದ್ದವು, ಮಾರ್ಗದರ್ಶಕರಿರಲಿಲ್ಲ. ಬಹಳ ಮಂದಿ ಪಾಠಗಳನ್ನು ಅಷ್ಟಾಗಿ ಬಳಸಲೇ ಇಲ್ಲ. ಸಾಮಾನ್ಯ ಆರೋಗ್ಯ ಮಾಹಿತಿಯನ್ನಷ್ಟೇ ಪಡೆದವರಿಗಿಂತ ಹೆಚ್ಚಿನ ಲಾಭ ಅವರಿಗಾಗಲಿಲ್ಲ. ಎರಡು ದೇಶಗಳ ಸನ್ನಿವೇಶ ಒಂದೇ ಅಲ್ಲವಾದರೂ ಈ ಅಂತರ ಯೋಚಿಸತಕ್ಕದ್ದು.

ನಮ್ಮ ದೇಶದ ಅನುಭವವೂ ಇದೇ ದಿಕ್ಕಿನಲ್ಲಿದೆ. ಬೆಂಗಳೂರು ಸೇರಿದಂತೆ ಭಾರತದ ನಾಲ್ಕು ಕಡೆಯ ಚಿಕಿತ್ಸಾಲಯಗಳಲ್ಲಿ 404 ರೋಗಿಗಳನ್ನು ಕುರಿತು ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಆರೈಕೆ ಸಂಯೋಜಕರು ರೋಗಿಗಳನ್ನು ನಿಯಮಿತವಾಗಿ ವಿಚಾರಿಸಿಕೊಂಡರು. ಎರಡು ವರ್ಷಗಳ ಬಳಿಕ ಖಿನ್ನತೆ ಅರ್ಧಕ್ಕಿಳಿದು, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲಿ ನೂರಕ್ಕೆ ಸುಮಾರು 72. ಎಂದಿನ ಚಿಕಿತ್ಸೆ ಪಡೆದವರಲ್ಲಿ ಸುಮಾರು 57.

ಒಳಿತನ್ನು ಅರಿತಿರುವುದು ಬೇರೆ, ಅದನ್ನು ಆಚರಿಸುವ ಬಲ ಬೇರೆ ಎಂಬುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿಸ್ತಾರವಾಗಿ ಚರ್ಚಿಸಿದ್ದಾನೆ. ಯಂತ್ರವು ಅರಿವನ್ನು ನೀಡಬಲ್ಲದು. ಆಚರಣೆಯ ಬಲವು ಬಹುಮಟ್ಟಿಗೆ ಇನ್ನೊಬ್ಬ ಮನುಷ್ಯನ ಸಾಂಗತ್ಯದಿಂದ ಬರುತ್ತದೆ. ದುರದೃಷ್ಟವಶಾತ್ ನಮ್ಮ ಮನೆಗಳಲ್ಲಿ ಸಂಗಾತಿಯ ಸ್ಥಾನದಲ್ಲಿ ಆಗಾಗ ಕಾವಲುಗಾರನು ನಿಂತಿರುತ್ತಾನೆ. ಮದುವೆಯ ಊಟದಲ್ಲಿ ‘ಒಂದು ತುಂಡು ಕೇಕ್ ತಿಂದರೆ ಏನೂ ಆಗದು’ ಎಂದು ಒತ್ತಾಯಿಸುವ ನಾವೇ ರಕ್ತಪರೀಕ್ಷೆಯ ವರದಿ ಬಂದ ದಿನ ಗದರಿಸುತ್ತೇವೆ. ಗದರಿಕೆಗೆ ಅಂಜಿದವರು ಮುಂದಿನ ವರದಿಯನ್ನೇ ಮುಚ್ಚಿಡುತ್ತಾರೆ.

ಆದುದರಿಂದ ಸ್ವಸಹಾಯದ ಪಾಠಗಳನ್ನು ತಿರಸ್ಕರಿಸಬೇಕಾಗಿಲ್ಲ. ಅವುಗಳ ಜೊತೆಗೆ ಒಬ್ಬರು ಇರಬೇಕು. ಪತಿಯೋ ಪತ್ನಿಯೋ, ಮಕ್ಕಳೋ, ನೆರೆಯವರೋ ವಾರಕ್ಕೊಮ್ಮೆ ಕುಳಿತು ಪಾಠ ಎಲ್ಲಿಗೆ ಬಂತೆಂದು ಕೇಳಲಿ. ಇನ್ಸುಲಿನ್ ನಿಲ್ಲಿಸಿರೆಂದು ಬೋಧಿಸುವ, ಪೂರ್ಣ ಗುಣವಾಗುವುದೆಂದು ಆಸೆ ಹುಟ್ಟಿಸುವ ಪಾಠಗಳಿಂದ ದೂರವಿರಿ. ನಡುಕ, ಬೆವರು, ಎದೆಬಡಿತ ಕಾಣಿಸಿದರೆ ಅದನ್ನು ಕೇವಲ ಆತಂಕವೆಂದು ಭಾವಿಸದೆ ಮೊದಲು ಸಕ್ಕರೆಯನ್ನು ಪರೀಕ್ಷಿಸಿ. ಸಕ್ಕರೆ ತೀರಾ ಇಳಿದಾಗಲೂ ಇವೇ ಲಕ್ಷಣಗಳಿರುತ್ತವೆ. ಬೇಸರ ಎರಡು ವಾರ ಮೀರಿದರೆ ವೈದ್ಯರಿಗೆ ತಿಳಿಸಿ. ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ದೂರದೂರಿನ ಮಕ್ಕಳು ಹೆತ್ತವರಿಗೆ ಫೋನು ಮಾಡಿ ‘ಸಕ್ಕರೆ ಎಷ್ಟಿದೆ?’ ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಯದು. ಅದಕ್ಕೂ ಮುನ್ನ ‘ಮನಸ್ಸು ಹೇಗಿದೆ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಆಲಿಸುವುದನ್ನು ನಾವೆಲ್ಲರೂ ರೂಢಿಸಿಕೊಳ್ಳೋಣ.