ಚಳಿಗೆ ಕೆಂಪಾದ ಮುಖ ಮತ್ತು ಒಂದು ಪುಟ್ಟ ಟ್ಯೂಬ್

ಡಿಸೆಂಬರ್ ಬಂತೆಂದರೆ ನನಗೆ ಎರಡು ತಲೆನೋವು. ಒಂದು ಅಪ್ರೈಸಲ್, ಇನ್ನೊಂದು ನನ್ನ ಮುಖ. ಅಪ್ರೈಸಲ್ ಬಗ್ಗೆ ಬರೆಯೋಣ ಅಂದ್ರೆ ನಮ್ಮ ಮ್ಯಾನೇಜರ್‌ಗೂ ಕನ್ನಡ ಓದೋಕೆ ಬರುತ್ತೆ. ಹಾಗಾಗಿ ಇವತ್ತು ಮುಖದ ವಿಷಯ ಮಾತ್ರ :-)

"ಗಂಡಸಾಗಿ ಮುಖದ ಚರ್ಮದ ಬಗ್ಗೆ ಬರೀತೀಯಲ್ಲೋ" ಅಂತ ನಗುವವರು ನಗಲಿ. ಆದರೆ ಕೊನೆಯವರೆಗೂ ಓದಿ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ.

ಕತೆ ಶುರುವಾಗಿದ್ದು 2022ರ ಡಿಸೆಂಬರಿನಲ್ಲಿ. ಬೆಳಿಗ್ಗೆ ಗೀಸರ್‌ನ ಹೊಗೆಯಾಡೋ ನೀರಲ್ಲಿ ಸ್ನಾನ, ಸೋಪಲ್ಲೇ ಮುಖ ತಿಕ್ಕಿ ತೊಳೆದು, ಹೆಲ್ಮೆಟ್ ಗ್ಲಾಸ್ ಮೇಲೆತ್ತಿಕೊಂಡು ಬೆಂಗಳೂರಿನ ಚಳಿಗಾಳಿಯಲ್ಲಿ ಮುಕ್ಕಾಲು ಗಂಟೆ ಬೈಕು, ಆಮೇಲೆ ಒಂಬತ್ತು ಗಂಟೆ ಎಸಿ. ಹನ್ನೊಂದು ಗಂಟೆಯ ಕಾಫಿ ಕುಡಿದರೆ ಸಾಕು, ಎರಡೂ ಕೆನ್ನೆ ಕಾದ ಹಂಚಿನ ಹಾಗೆ ಬಿಸಿ. ಮೂಗಿನ ಪಕ್ಕ ಪುಡಿಪುಡಿಯಾಗಿ ಸಿಪ್ಪೆ ಏಳೋದು. ಮುಖ ತೊಳೆದರೆ ಚರ್ಮ ಬಿಗಿದುಕೊಂಡು ನಗೋಕೂ ಕಷ್ಟ. ಪಕ್ಕದ ಸೀಟಿನ ಗೆಳೆಯ "ಏನ್ ಗುರು, ಮಧ್ಯಾಹ್ನಾನೇ ಹಾಕ್ಕೊಂಡು ಬಂದಿದೀಯಾ?" ಅಂತ ಕಾಲೆಳೆದ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಚಳಿಗೆ ಮುಖ ಒಡೆದಿದೆ ಕಣೋ, ಹಾಲಿನ ಕೆನೆ ಹಚ್ಚು" ಅಂದರು. ಪಿ.ಜಿ.ಯಲ್ಲಿ ಸಿಗೋ ಹಾಲಲ್ಲಿ ಕೆನೆ ಎಲ್ಲಿಂದ ತರೋದು ಹೇಳಿ!

ಕೊನೆಗೆ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಬೀದಿ ತುದಿಯ ಮೆಡಿಕಲ್ ಸ್ಟೋರ್‌ಗೆ ಹೋಗಿ ಮುಖ ತೋರಿಸಿದೆ. ಅಂಗಡಿಯವರು ಕಣ್ಣೆತ್ತಿ ಒಂದು ಸಲ ನೋಡಿ, ಒಂದು ಪುಟ್ಟ ಟ್ಯೂಬ್ ಕೊಟ್ಟು "ಎರಡು ದಿನ ಹಚ್ಚಿ ಸಾರ್, ಕ್ಲಿಯರ್ ಆಗುತ್ತೆ" ಅಂದರು.

ಕ್ಲಿಯರ್ ಆಯ್ತು! ಎರಡೇ ದಿನದಲ್ಲಿ ಉರಿ ಇಲ್ಲ, ಕೆಂಪಿಲ್ಲ, ಸಿಪ್ಪೆ ಇಲ್ಲ. ಮುಖ ಒಂಚೂರು ಬೆಳ್ಳಗೂ ಆಗಿತ್ತು. ಬಿಟ್ಟರೆ ನಾಲ್ಕು ದಿನಕ್ಕೆ ಮತ್ತೆ ಉರಿ, ಹಚ್ಚಿದರೆ ಮಾಯ. ಹೀಗೇ ಅಭ್ಯಾಸವಾಯಿತು. ಮುಂದಿನ ವರ್ಷದ ಚಳಿಗಾಲಕ್ಕೆ ಉರಿ ಇನ್ನೂ ಜಾಸ್ತಿಯಾದಾಗ, "ಈ ಸಲ ಚಳಿ ಜೋರು" ಅಂದುಕೊಂಡು ಇನ್ನೊಂದು ಟ್ಯೂಬ್ ತಂದೆ.

2024ರ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ತಂಗಿಗೆ ಗಂಡು ನೋಡುತ್ತಿದ್ದ ಸಮಯ. ಯಾರೋ ಬಂದು ನೋಡಿಕೊಂಡು ಹೋದವರು "ಬಣ್ಣ ಸ್ವಲ್ಪ ಕಮ್ಮಿ" ಅಂತ ಮಧ್ಯಸ್ಥರ ಹತ್ತಿರ ಹೇಳಿ ಕಳಿಸಿದ್ದರು. ಅವಳು ನನ್ನ ಮುಖ ನೋಡಿ "ಏನಣ್ಣ ಹಚ್ತೀಯಾ?" ಅಂದಳು. ನಾನು ಬ್ಯಾಗಿನಿಂದ ಟ್ಯೂಬ್ ತೆಗೆದು ಕೊಟ್ಟೆ. ಅಷ್ಟೇ ಅಲ್ಲ, ಖಾಲಿಯಾದಾಗಲೆಲ್ಲಾ ಬೆಂಗಳೂರಿಂದ ಕಳಿಸಿಯೂ ಕೊಟ್ಟೆ.

ಆ ವರ್ಷದ ಕೊನೆಗೆ ಅವಳು ಒಲೆ ಮುಂದೆ ನಿಲ್ಲೋಕೆ ಆಗದ ಹಾಗಾದಳು. ಬಿಸಿಲಿಗೆ ಹೋದರೆ ಉರಿ, ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ಗೆರೆ, ಗುಳ್ಳೆ, ಮೊದಲಿಲ್ಲದ ಕೂದಲು. ಬೆಂಗಳೂರಿಗೆ ಕರೆಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಮುಖ ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ, "ಏನಮ್ಮ ಹಚ್ಚುತ್ತಿದ್ದೆ?" ತಂಗಿ ಟ್ಯೂಬ್ ಮೇಜಿನ ಮೇಲಿಟ್ಟು "ಅಣ್ಣ ಕೊಟ್ಟಿದ್ದು" ಅಂದಳು. ಡಾಕ್ಟರು ಅದನ್ನು ತಿರುಗಿಸಿ, ಇರುವೆ ಗಾತ್ರದ ಅಕ್ಷರದ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಬೀಟಾಮೆಥಾಸೋನ್. ಸ್ಟೆರಾಯ್ಡ್!!

ದಿನಾ ಲೈಬ್ರರಿಗಳ ಡಾಕ್ಯುಮೆಂಟೇಶನ್ ಓದಿ ಸಂಬಳ ತಗೊಳ್ಳೋ ನಾನು, ಎರಡು ವರ್ಷ ಮುಖಕ್ಕೆ ಹಚ್ಚಿದ ಟ್ಯೂಬಿನ ಹಿಂಭಾಗ ಒಂದು ಸಲವೂ ಓದಿರಲಿಲ್ಲ.

ಅವತ್ತಿನಿಂದ ಈ ವಿಷಯವನ್ನು ಸಾಕಷ್ಟು ಓದಿದ್ದೇನೆ. ಚಳಿಗಾಲದಲ್ಲಿ ಮುಖ ಉರಿದರೆ ನಾವು "ಯಾವ ಕ್ರೀಮ್ ಹಚ್ಚಲಿ?" ಅಂತ ಕೇಳುತ್ತೇವೆ. ಮೊದಲು ಕೇಳಬೇಕಾದ ಪ್ರಶ್ನೆ "ಯಾಕೆ?" ಅನ್ನೋದು ಅಂತ ನನಗೀಗ ಅನ್ನಿಸುತ್ತೆ. ಆ "ಯಾಕೆ"ಗೆ ಉತ್ತರ ಒಂದಲ್ಲ, ಹಲವು.

ಮೊದಲನೆಯದು ಗಾಳಿ. ಚರ್ಮದ ಹೊರಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳೇ ಇಟ್ಟಿಗೆ, ನಡುವೆ ಇರೋ ಕೊಬ್ಬಿನಂಶವೇ ಗಾರೆ. ಗಾರೆ ಸರಿ ಇದ್ದರೆ ಒಳಗಿನ ನೀರು ಒಳಗೇ ಇರುತ್ತೆ. ಗಾಳಿ ಒಣಗಿದಷ್ಟೂ ಚರ್ಮದಿಂದ ನೀರು ಆರಿಹೋಗುತ್ತೆ. ಆನ್‌ಸೈಟ್‌ಗೆ ಅಂತ ಚಿಕಾಗೋಗೆ ಹೋದ ಗೆಳೆಯನೂ ಇದೇ ಗೋಳು ಹೇಳಿಕೊಂಡ. ಅವನಿಗಾಗಿ ಒಂದು ಲೆಕ್ಕ ಹಾಕಿದೆ: ಹೊರಗೆ ಮೈನಸ್ 10 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 2.4 ಗ್ರಾಂನಷ್ಟು ನೀರಾವಿ ಹಿಡಿದುಕೊಳ್ಳಬಲ್ಲದು. ಅದೇ ಗಾಳಿಯನ್ನು ಹೀಟರ್ 22 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 19 ಗ್ರಾಂ ಹಿಡಿಯುವ ಶಕ್ತಿ ಬರುತ್ತೆ, ಆದರೆ ಇರೋದು ಅದೇ 2.4. ಅಂದರೆ ಮನೆಯೊಳಗಿನ ತೇವಾಂಶ ಶೇ. 12ರ ಆಸುಪಾಸು! ನಮ್ಮ ಬೆಂಗಳೂರಲ್ಲಿ ಅಷ್ಟು ಚಳಿ ಇಲ್ಲ, ಹೀಟರೂ ಇಲ್ಲ. ಆದರೆ ಎಸಿ ಇದೆಯಲ್ಲ, ಅದು ಗಾಳಿಯಿಂದ ನೀರು ಹಿಂಡಿ ಪೈಪಲ್ಲಿ ಹೊರಗೆ ಬಿಡುತ್ತೆ.

ಎರಡನೆಯದು ನಮ್ಮ ಸ್ನಾನ. ಚರ್ಮದ ಪಿಎಚ್ ಸುಮಾರು 5, ಮಾಮೂಲಿ ಸೋಪಿನದು 9ರಿಂದ 10. ಸುಡುಸುಡು ನೀರು ಮತ್ತು ಸೋಪು ಸೇರಿ ಆ ಗಾರೆಯನ್ನೇ ತೊಳೆದು ಹಾಕುತ್ತವೆ. "ನ್ಯಾಚುರಲ್" ಅಂತ ನಿಂಬೆರಸ ಹಚ್ಚಿದರೆ, ಅದರ ಪಿಎಚ್ 2ರ ಹತ್ತಿರ. ಒಡೆದ ಚರ್ಮಕ್ಕೆ ಅದು ಗಾಯಕ್ಕೆ ಉಪ್ಪು ಸವರಿದ ಹಾಗೆ.

ಮೂರನೆಯದು ರಕ್ತನಾಳಗಳು. ಚಳಿಯಿಂದ ಸಟ್ಟನೆ ಬೆಚ್ಚಗಿನ ಕಡೆ ಬಂದಾಗ, ಬಿಸಿ ಕಾಫಿ ಕುಡಿದಾಗ, ಖಾರ ತಿಂದಾಗ, ಟೆನ್ಷನ್ ಆದಾಗ ಮುಖದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಕೆಲವರಿಗೆ ಇದು ರೋಸೇಷಿಯಾ ಎಂಬ ಕಾಯಿಲೆಯಾಗಿ ನೆಲೆ ನಿಲ್ಲುತ್ತೆ. ನೆಟ್‌ನಲ್ಲಿ ಹುಡುಕಿದರೆ ಸಿಗೋ ಫೋಟೋಗಳೆಲ್ಲಾ ಹೆಚ್ಚಾಗಿ ಬಿಳಿಯರದ್ದೇ, ಟೊಮೇಟೊ ತರಹ ಕೆಂಪು. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದಲ್ಲಿ ಕೆಂಪು ಎದ್ದು ಕಾಣೋದಿಲ್ಲ. ಬಿಸಿ, ಉರಿ ನಮಗೇ ಗೊತ್ತಾಗಬೇಕು. ಹಾಗಾಗಿಯೇ ನಮ್ಮಂಥವರಲ್ಲಿ ಇದು ಎಷ್ಟೋ ಸಲ ಗೊತ್ತಾಗೋದೇ ತಡ.

ಇನ್ನೂ ಇವೆ. ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟು ಏಳುವ ಸೆಬೊರಿಕ್ ಡರ್ಮಟೈಟಿಸ್ ಚಳಿಗಾಲದಲ್ಲಿ ಕೆರಳುತ್ತೆ. ಸುಗಂಧ ಹಾಕಿದ ಕ್ರೀಮ್, ತಲೆಗೆ ಹಚ್ಚುವ ಬಣ್ಣದ ಅಲರ್ಜಿ ಇರಬಹುದು. ಬಿಪಿಗೆ ಕೊಡೋ ಆಮ್ಲೊಡಿಪಿನ್‌ನಂಥ ಮಾತ್ರೆಯಿಂದಲೂ ಮುಖ ಬಿಸಿಯಾಗಬಹುದು. ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆ ಆಕಾರದ ಕೆಂಪು, ಜೊತೆಗೆ ಕೀಲುನೋವು, ಸುಸ್ತು, ಜ್ವರ ಇದ್ದರೆ ಅದು ಲೂಪಸ್ ಇರಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಈಗ ನೋಡಿ, ಇಷ್ಟೊಂದು ಕಾರಣಗಳಲ್ಲಿ ಯಾವುದೇ ಇರಲಿ, ಸ್ಟೆರಾಯ್ಡ್ ಹಚ್ಚಿದ ಕೂಡಲೇ ಹೆಚ್ಚುಕಮ್ಮಿ ಎಲ್ಲವೂ ಸ್ವಲ್ಪ ದಿನ ಸುಮ್ಮನಾಗಿಬಿಡುತ್ತವೆ. ರಕ್ತನಾಳ ಕುಗ್ಗುತ್ತೆ, ಊತ ಇಳಿಯುತ್ತೆ, ಬಣ್ಣ ತಿಳಿಯಾಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಖಾಲಿ ಕ್ಯಾಚ್ ಬ್ಲಾಕ್ ಬರೆದು ಎರರ್ ನುಂಗಿದ ಹಾಗೆ. ಲಾಗ್ ಕ್ಲೀನ್, ಬಗ್ ಅಲ್ಲೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ರಕ್ತನಾಳ ಎದ್ದು ಕಂಡು, ನಿಲ್ಲಿಸಿದ ಕೂಡಲೇ ಮುಖ ಹೊತ್ತಿ ಉರಿಯುತ್ತೆ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಭಾರತದ ಹಲವು ಆಸ್ಪತ್ರೆಗಳ ಚರ್ಮ ವಿಭಾಗಗಳಿಗೆ ಮುಖದ ತೊಂದರೆ ಹೇಳಿಕೊಂಡು ಬಂದ 2,926 ಜನರನ್ನು ವಿಚಾರಿಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಜನ, ಅಂದರೆ ಶೇ. 15ರಷ್ಟು ಮಂದಿ, ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನು ಹೇಳಿದ್ದು ಡಾಕ್ಟರೇ ಅಲ್ಲ. ಅಂಗಡಿಯವರು, ನೆಂಟರು, ಗೆಳೆಯರು... ನನ್ನಂಥ ಅಣ್ಣಂದಿರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಹೊರಡಿಸಿತು. ನನಗೆ ಟ್ಯೂಬ್ ಸಿಕ್ಕಿದ್ದು 2022ರಲ್ಲಿ. ಚೀಟಿ ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಅಂಗಡಿಯವರನ್ನು ಬೈದು ಪೋಸ್ಟ್ ಮುಗಿಸಬಹುದಿತ್ತು. ಆದರೆ ನನ್ನ ಪ್ರಕಾರ ಅರ್ಧ ತಪ್ಪು ನಮ್ಮದು. ಎರಡು ದಿನದಲ್ಲಿ ವಾಸಿಯಾಗಬೇಕು ಅನ್ನೋ ಅವಸರ ನನ್ನದು, ಬಣ್ಣ ಕಮ್ಮಿ ಅನ್ನೋ ಮಾತು ನಮ್ಮ ನೆಂಟರಿಷ್ಟರದ್ದು. ಆ ಟ್ಯೂಬ್ ಮಾರಾಟ ಆಗೋದು ಇವೆರಡರಿಂದಲೇ. ಹಾಗಂತ ಸ್ಟೆರಾಯ್ಡ್ ಮುಲಾಮು ವಿಷವೇನಲ್ಲ. ಸರಿಯಾದ ಕಾಯಿಲೆಗೆ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಯೇ.

ನಾನೀಗ ಮಾಡೋದು ಇಷ್ಟೇ. ಉಗುರುಬೆಚ್ಚಗಿನ ನೀರು, ಮುಖಕ್ಕೆ ಸೋಪಿಲ್ಲ, ತೊಳೆದು ಒದ್ದೆ ಆರುವ ಮೊದಲೇ ವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಬೈಕಲ್ಲಿ ಹೆಲ್ಮೆಟ್ ಗ್ಲಾಸ್ ಕೆಳಗೆ. ಎರಡು ದಿನದಲ್ಲಿ ಏನೂ ಆಗಲಿಲ್ಲ, ಎರಡು ತಿಂಗಳಲ್ಲಿ ಆಯಿತು. ನನ್ನ ಪುಣ್ಯ, ಇಷ್ಟಕ್ಕೇ ಮುಗಿಯಿತು.

ತಂಗಿಗೆ ಹಾಗಾಗಲಿಲ್ಲ. ಡಾಕ್ಟರು ಸ್ವಲ್ಪಸ್ವಲ್ಪವಾಗಿ ಬಿಡಿಸಿದರೂ ಮೊದಲ ಕೆಲವು ವಾರ ರಾತ್ರಿ ಎದ್ದು ಕೂತು ಒದ್ದೆ ಬಟ್ಟೆ ಇಟ್ಟುಕೊಳ್ಳುತ್ತಿದ್ದಳು. ಈಗ ಎಷ್ಟೋ ವಾಸಿ. ಗೆರೆಗಳು ಮಾತ್ರ ಪೂರ್ತಿ ಹೋಗಿಲ್ಲ. ಮದುವೆ ಮಾತು ಎತ್ತಿದರೆ "ಬಣ್ಣ ನೋಡೋರು ಬರೋದೇ ಬೇಡ" ಅಂತ ಅವಳೇ ಅಪ್ಪನಿಗೆ ಹೇಳಿದ್ದಾಳೆ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ.

ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿ ಕನ್ನಡಿ ಪಕ್ಕ, ಫ್ರಿಜ್ ಬಾಗಿಲಲ್ಲಿ ಇರೋ ಟ್ಯೂಬುಗಳನ್ನು ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತೇನಾದರೂ ಇದ್ದು, ಯಾರಾದರೂ ಅದನ್ನು ದಿನಾ ಮುಖಕ್ಕೆ ಹಚ್ಚುತ್ತಿದ್ದರೆ, ಗಾಬರಿಯಾಗಿ ಒಮ್ಮೆಲೇ ಎಸೆಯಬೇಡಿ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟ್ಯೂಬನ್ನೂ ತೆಗೆದುಕೊಂಡು ಹೋಗಿ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಬರೆಯಿರಿ, ತಂಗಿಗೂ ಓದಿಸುತ್ತೇನೆ.