ಹಾರಿಸಿದ ತೋಟಾಕ್ಕೆ ಮತ್ತೆ ಮದ್ದು

ಅಂಚೆಚೀಟಿ ಕೂಡಿಸುವವರು, ಗುಲಾಬಿಗೆ ಕಸಿ ಕಟ್ಟುವವರು, ಹಳೆಯ ಗಡಿಯಾರಗಳನ್ನು ಬಿಚ್ಚಿ ಜೋಡಿಸುವವರು ನಮ್ಮ ಬಡಾವಣೆಗಳಲ್ಲಿ ಅಪರೂಪವಲ್ಲ. ಇಂತಹ ಹವ್ಯಾಸಗಳಲ್ಲಿ ಕೈತಪ್ಪಿದರೆ ಆಗುವ ನಷ್ಟವಾದರೂ ಎಷ್ಟು? ಒಂದು ಚೀಟಿ ಹರಿದೀತು; ಒಂದು ಗಿಡ ಒಣಗೀತು. ಆದರೆ ಕೈತಪ್ಪಿದರೆ ಕಣ್ಣನ್ನೇ ಕಳೆದುಕೊಳ್ಳಬೇಕಾದೀತೆಂಬ ಹವ್ಯಾಸವೊಂದುಂಟು. ಅಮೆರಿಕದ ಎಷ್ಟೋ ಮನೆಗಳ ಮೋಟಾರುಖಾನೆಯ ಮೂಲೆಯಲ್ಲಿ, ಒಂದು ಗಟ್ಟಿ ಮರದ ಮೇಜಿನ ಮೇಲೆ, ಗೃಹಸ್ಥರೇ ಅದನ್ನು ನಡೆಸುತ್ತಾರೆ. ಬೇಟೆಯಲ್ಲಿಯೋ ಗುರಿಯ ಅಭ್ಯಾಸದಲ್ಲಿಯೋ ಹಾರಿಸಿದ ತೋಟಾಗಳ ಖಾಲಿ ಕೋಶಗಳನ್ನು ಆಯ್ದು ತಂದು, ಅವಕ್ಕೆ ಮತ್ತೆ ಮದ್ದುಗುಂಡು ತುಂಬುವುದೇ ಆ ಹವ್ಯಾಸ.

ತೋಟಾಕ್ಕೆ ಕಾಡತೂಸು ಎಂಬ ಹೆಸರೂ ನಮ್ಮಲ್ಲಿದೆ. ಪೋರ್ಚುಗೀಸರಿಂದ ನಮ್ಮ ದೇಶಕ್ಕೆ ಬಂದ ಈ ಮಾತಿನ ಬೇರನ್ನು ಹುಡುಕುತ್ತ ಹೋದರೆ ಇಟಲಿಯ ಭಾಷೆಯ 'ಕಾಗದದ ಸುರುಳಿ' ಸಿಗುತ್ತದೆ. ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಕಟ್ಟಿಡುತ್ತಿದ್ದ ಕಾಲವದು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಲೊಲ್ಲದೆ ಹೋದ ತೋಟಾ ಇಂತಹುದೇ. ಕಾಗದ ಒಮ್ಮೆ ಹರಿದರೆ ಮುಗಿಯಿತು. ಆ ಶತಮಾನದ ಉತ್ತರಾರ್ಧದಲ್ಲಿ ಹಿತ್ತಾಳೆಯ ಕೋಶ ಬಳಕೆಗೆ ಬಂದ ಮೇಲೆ ಸಂಗತಿ ಬದಲಾಯಿತು. ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದೊಡನೆ ಕೇಪು ಸಿಡಿಯುತ್ತದೆ, ಮದ್ದು ಉರಿಯುತ್ತದೆ, ಗುಂಡು ಹಾರುತ್ತದೆ. ಕೋಶ ಮಾತ್ರ ಕ್ಷಣಕಾಲ ಉಬ್ಬಿ, ನಳಿಗೆಯ ಬುಡವನ್ನು ಭದ್ರವಾಗಿ ಮುಚ್ಚಿ, ಹೊಗೆ ಹಿಂದಕ್ಕೆ ನುಗ್ಗದಂತೆ ತಡೆದು, ಮರಳಿ ಕೈಗೆ ಬರುತ್ತದೆ. ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಯದೂ ಅದೇ. ಅದನ್ನು ಎಸೆಯಲು ಯಾರಿಗೆ ಮನಸ್ಸಾದೀತು?

1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಬೈಸನ್ ಬೇಟೆಗಾರರು ರಾತ್ರಿ ಬೀಡಿನಲ್ಲಿ ಕುಳಿತು ಕೋಶಗಳನ್ನು ತುಂಬಿಕೊಳ್ಳುತ್ತಿದ್ದರು. ಆ ಮಿತವ್ಯಯ ಒಂದು ಪ್ರಾಣಿಸಂಕುಲವನ್ನೇ ನಿರ್ನಾಮದ ಅಂಚಿಗೆ ತಂದಿತೆಂಬುದನ್ನೂ ಮರೆಯುವಂತಿಲ್ಲ. 1884ರಲ್ಲಿ ಜಾನ್ ಬಾರ್ಲೋ ಎಂಬವನು ಇಕ್ಕಳದಂತಹ ಕೈಸಾಧನವೊಂದನ್ನು ಮಾರಾಟಕ್ಕೆ ತಂದ ಮೇಲೆ ಈ ಕೆಲಸ ಬೀಡಿನಿಂದ ಮನೆಯೊಳಕ್ಕೆ ಬಂತು.

ಇಲ್ಲೊಂದು ವಿನೋದವಿದೆ. ಕೇಪುಗಳಲ್ಲಿ ಎರಡು ಜಾತಿ. 1866ರ ಹೊತ್ತಿಗೆ ಇಂಗ್ಲೆಂಡಿನ ಬಾಕ್ಸರ್ ಒಂದು ಬಗೆಯದನ್ನೂ ಅಮೆರಿಕದ ಬರ್ಡನ್ ಇನ್ನೊಂದು ಬಗೆಯದನ್ನೂ ಕಂಡುಹಿಡಿದರು. ಬಾಕ್ಸರನ ಪದ್ಧತಿಯ ಕೋಶಕ್ಕೆ ಬುಡದ ನಡುವೆ ಒಂದೇ ತೂತು. ಒಳಗಿನಿಂದ ಕಡ್ಡಿಯೊಂದನ್ನು ಇಳಿಸಿದರೆ ಸುಟ್ಟ ಕೇಪು ಕಳಚಿ ಬೀಳುತ್ತದೆ. ಬರ್ಡನನದಕ್ಕೆ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳು ಓರೆಯಾಗಿ ಇರುವುದರಿಂದ ಕೇಪನ್ನು ಹೊರತೆಗೆಯುವುದು ಪ್ರಯಾಸದ ಕೆಲಸ. ಕೊನೆಗೆ ಅಮೆರಿಕನ್ನರು ಇಂಗ್ಲಿಷಿನವನ ಪದ್ಧತಿಯನ್ನು ಅಪ್ಪಿಕೊಂಡರು. ಅಮೆರಿಕದವನ ಪದ್ಧತಿ ಯೂರೋಪಿನಲ್ಲಿ ನೆಲಸಿತು! ಅಮೆರಿಕದಲ್ಲಿ ಈ ಹವ್ಯಾಸ ಇಷ್ಟು ಹಬ್ಬುವುದಕ್ಕೆ ಆ ಒಂಟಿ ತೂತೂ ಒಂದು ಕಾರಣ.

ನಮ್ಮ ಕ್ರೀಡಾಗುರಿಕಾರರೂ ಬಳಸುವ ಪಾಯಿಂಟ್ ಇಪ್ಪತ್ತೆರಡರ ಸಣ್ಣ ತೋಟಾಕ್ಕೆ ಈ ಮರುಜನ್ಮದ ಯೋಗವಿಲ್ಲ. ಅದರಲ್ಲಿ ಕೇಪು ಬೇರೆ ಇಲ್ಲ. ಸಿಡಿವಸ್ತು ಕೋಶದ ಅಂಚಿನಲ್ಲೇ ಅಡಗಿರುತ್ತದೆ. ಬಡಿತ ಬಿದ್ದ ಅಂಚು ಜಜ್ಜಿ ಹೋಗುತ್ತದೆ. ಆದರೆ ಅದನ್ನೂ ಬಿಡದವರಿದ್ದರು. ಎರಡನೆಯ ಮಹಾಯುದ್ಧದಲ್ಲಿ ಗುಂಡುಗಳಿಗೆ ಬರ ಬಂದಾಗ, ಕ್ಯಾಲಿಫೋರ್ನಿಯದ ಓರೋವಿಲ್ ಊರಿನ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಈ ನಿರುಪಯೋಗಿ ಕೋಶಗಳನ್ನೇ ಅಚ್ಚಿನಲ್ಲಿ ಒತ್ತಿ, ಒಳಗೆ ಸೀಸವಿಟ್ಟು, ಬೇರೆ ಬಂದೂಕಿನ ಗುಂಡಿಗೆ ಕವಚವಾಗಿಸುವ ಸಾಧನವನ್ನು ರಚಿಸಿದ. ಬಟ್ಟೆ ಮಡಿಮಾಡುವ ತಂದೆಯ ಅಂಗಡಿಯ ಹಿಂಗೋಣೆಯೇ ಅವನ ಕಾರ್ಯಾಗಾರ. ಅಲ್ಲಿ ಮೊದಲಾದ ಆರ್‌ಸಿಬಿಎಸ್ ಎಂಬ ಹೆಸರನ್ನು ಇಂದು ಈ ಹವ್ಯಾಸದಲ್ಲಿ ತೊಡಗಿದವರೆಲ್ಲರೂ ಬಲ್ಲರು.

ಹೊಸಬನು ಮೊದಲು ಕೊಳ್ಳಬೇಕಾದದ್ದು ಯಂತ್ರವನ್ನಲ್ಲ, ಪುಸ್ತಕವನ್ನು ಎಂದು ಅಲ್ಲಿನ ಅನುಭವಿಗಳು ಹೇಳುತ್ತಾರೆ. ಅಧ್ಯಾಪಕನಾದ ನನಗೆ ಈ ಮಾತು ಪ್ರಿಯವಾದರೆ ಅದು ಸಹಜವೇ. ಆದರೆ ಅದಕ್ಕೆ ಬಲವಾದ ಕಾರಣವಿದೆ. ಯಾವ ಕೋಶಕ್ಕೆ, ಎಷ್ಟು ತೂಕದ ಗುಂಡಿಗೆ, ಯಾವ ಹೆಸರಿನ ಮದ್ದು, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ತಯಾರಕರು ಪ್ರಯೋಗಶಾಲೆಯಲ್ಲಿ ಅಳೆದು ಅಚ್ಚುಹಾಕಿರುತ್ತಾರೆ. ಈ ಕೋಷ್ಟಕವನ್ನು ಬಿಟ್ಟು ಸ್ನೇಹಿತ ಹೇಳಿದ್ದನ್ನು ನಂಬುವವನಿಗೆ ಈ ಮೇಜಿನ ಬಳಿ ಸ್ಥಳವಿಲ್ಲ.

ಪುಸ್ತಕದ ತರುವಾಯ ಒಂದು ಒತ್ತುಯಂತ್ರ, ಡೈ ಎಂಬ ಉಕ್ಕಿನ ಅಚ್ಚುಗಳು, ಒಂದು ಸೂಕ್ಷ್ಮ ತಕ್ಕಡಿ. ಮೊದಲು ಕೋಶಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಿರುಕು ಕಂಡದ್ದನ್ನು ಎಸೆಯಬೇಕು. ಉಳಿದವನ್ನು ಅಕ್ರೋಟಿನ ಚಿಪ್ಪಿನ ತರಿಯೊಡನೆ ಯಂತ್ರದಲ್ಲಿ ಉರುಳಿಸಿ ಬೆಳಗುತ್ತಾರೆ. ಉಬ್ಬಿದ ಕೋಶವನ್ನು ಅಚ್ಚಿಗೊತ್ತಿ ಹಳೆಯ ಗಾತ್ರಕ್ಕೆ ತಂದು, ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಬೇಕು. ಬಂದೂಕಿನ ಕೋಶ ಸಲಸಲಕ್ಕೂ ತುಸು ಉದ್ದವಾಗುವುದರಿಂದ ಅಳೆದು ಕತ್ತರಿಸಬೇಕು. ಆಮೇಲೆ ಮದ್ದು, ಕಡೆಗೆ ಗುಂಡು. ಹೇಳುವಾಗ ನಾಲ್ಕು ಸಾಲು. ಮಾಡುವವನಿಗೆ ಒಂದು ಸಂಜೆ.

ಎಲ್ಲವೂ ನಿಂತಿರುವುದು ಮದ್ದಿನ ತೂಕದ ಮೇಲೆ. ಅದರ ಮಾನ ಗ್ರೇನ್, ಎಂದರೆ ಕಾಳು. ಒಂದು ಪೌಂಡಿಗೆ 7000. ನಮ್ಮ ಅಕ್ಕಸಾಲಿಗರ ಗುಲಗಂಜಿಯೊಂದು ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಈ ಮೇಜಿನ ತಕ್ಕಡಿ ಗ್ರೇನಿನ ಹತ್ತನೆಯ ಒಂದಂಶವನ್ನು ತೋರಿಸಬೇಕು. ಅಂದರೆ ಗುಲಗಂಜಿಯನ್ನು ಸುಮಾರು ಇಪ್ಪತ್ತು ಪಾಲು ಮಾಡಿದರೆ ಅದರಲ್ಲೊಂದು! ನಮ್ಮ ಗೃಹಿಣಿಯರು ಕಣ್ಣಂದಾಜಿನಲ್ಲಿ ಉಪ್ಪು ಹಾಕಿ ಹದ ತಪ್ಪದೆ ಉಪ್ಪಿನಕಾಯಿ ಹಾಕುತ್ತಾರೆ. ಆ ಕೈಚಳಕಕ್ಕೆ ಇಲ್ಲಿ ಬೆಲೆಯಿಲ್ಲ. ಒಂದು ಮದ್ದು ಭಗ್ಗನೆ ಉರಿಯುವ ಜಾತಿಯದು, ಇನ್ನೊಂದು ನಿಧಾನದ್ದು. ನೋಡುವುದಕ್ಕೆ ಎರಡೂ ಬೂದುಗಪ್ಪಿನ ಕಾಳೇ. ಮೋಟಾರುಗಾಡಿಯ ಚಕ್ರದೊಳಗಿನ ಒತ್ತಡ ಚದರಂಗುಲಕ್ಕೆ ಸುಮಾರು 30 ಪೌಂಡು. ಬಂದೂಕಿನ ಬುಡದಲ್ಲಿ, ಗುಂಡು ಹಾರುವ ಕ್ಷಣ, ಅದು 50,000ವನ್ನೂ ಮೀರುತ್ತದೆ. ಅದೂ ಹಾರಿಸುವವನ ಕೆನ್ನೆಯಿಂದ ಕೆಲವೇ ಅಂಗುಲಗಳ ದೂರದಲ್ಲಿ.

ಆದಕಾರಣ ಕೋಷ್ಟಕದ ಕೆಳತುದಿಯಿಂದ ಪ್ರಾರಂಭಿಸುವುದು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿಯನ್ನಿಡುವುದು, ಅದನ್ನು ಬೇರೆ ಸೀಸೆಗೆ ಸುರಿಯದಿರುವುದು ಇವೆಲ್ಲ ಕಟ್ಟುನಿಟ್ಟಾದ ನಿಯಮಗಳು. ಪಿಸ್ತೂಲಿನ ಕೋಶದಲ್ಲಿ ಅನೇಕ ವೇಳೆ ಎರಡು ಪಾಲು ಮದ್ದು ಹಿಡಿಸುವಷ್ಟು ಸ್ಥಳವಿರುತ್ತದೆ. ನಡುವೆ ಯಾರೋ ಬಾಗಿಲು ತಟ್ಟಿದರು, ದೂರವಾಣಿ ಕೂಗಿತು, ಮರಳಿ ಬಂದವನು ತುಂಬಿದ್ದಕ್ಕೇ ಮತ್ತೆ ತುಂಬಿದ ಎಂದರೆ ಪಿಸ್ತೂಲು ಸೀಳುತ್ತದೆ. ಮದ್ದು ಹಾಕದೆ ಬಿಟ್ಟರೂ ಕೇಡು ತಪ್ಪಿದ್ದಲ್ಲ: ಕೇಪಿನ ಬಲದಿಂದಲೇ ಗುಂಡು ಅರ್ಧ ದಾರಿ ಸರಿದು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆಯ ಗತಿ ಮುಗಿಯಿತು. ಆದ್ದರಿಂದ ಬಲ್ಲವರು ಗುಂಡು ಕೂರಿಸುವ ಮುನ್ನ ಕೋಶಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಪ್ರತಿಯೊಂದರ ಒಳಗೂ ಇಣುಕುತ್ತಾರೆ. ಮೇಜಿನ ಬಳಿ ಹೊಗೆಬತ್ತಿ ನಿಷಿದ್ಧ, ತಿಂಡಿಯೂ ನಿಷಿದ್ಧ. ಸುಟ್ಟ ಕೇಪಿನ ಮಸಿಯಲ್ಲಿ ಸೀಸವಿರುತ್ತದೆ. ಕೈ ತೊಳೆಯದೆ ಮಗುವನ್ನೆತ್ತಿದರೆ ವಿಷ ಮಗುವಿಗೂ ತಗುಲುತ್ತದೆ.

ಇಷ್ಟೆಲ್ಲ ಪಾಡು ಉಳಿತಾಯಕ್ಕೋ ಎಂದರೆ, ತೋಟಾವೊಂದಕ್ಕೆ ಬೀಳುವ ಖರ್ಚು ಕಡಿಮೆಯಾಗುವುದೇನೋ ನಿಜ. ಆದರೆ ಕಡಿಮೆಯಾಯಿತೆಂದು ಹೆಚ್ಚು ಹಾರಿಸುವುದರಿಂದ ಸಂಸಾರದ ಲೆಕ್ಕಪುಸ್ತಕದಲ್ಲಿ ಏನೂ ಉಳಿಯದೆಂಬುದು ಅವರೇ ಹೇಳಿ ನಗುವ ಮಾತು. 2020-21ರಲ್ಲಿ ಅಮೆರಿಕದಲ್ಲಿ ಕೇಪುಗಳೇ ದುರ್ಲಭವಾದಾಗ ಎಷ್ಟೋ ಮೇಜುಗಳು ಬರಿದಾಗಿ ಕುಳಿತವು. ನಿಜವಾದ ಆಕರ್ಷಣೆ ಬೇರೆ. ತನ್ನದೇ ಬಂದೂಕಿನ ಸ್ವಭಾವಕ್ಕೆ ಒಪ್ಪುವ ತೋಟಾವನ್ನು ಹುಡುಕಿಕೊಳ್ಳುವ ಸುಖವದು. ಆಸರೆಯ ಮೇಲೆ ಬಂದೂಕಿಟ್ಟು ಗುರಿಯ ಸೂಕ್ಷ್ಮತೆಯಲ್ಲೇ ಪಂದ್ಯ ಕಟ್ಟುವವರಂತೂ ಸ್ಪರ್ಧೆಯ ಬಯಲಿಗೇ ಸಾಧನಗಳನ್ನು ಒಯ್ದು, ಅಂದಿನ ಹವೆಯನ್ನು ನೋಡಿ, ಅಲ್ಲಿಯೇ ತುಂಬುತ್ತಾರೆ.

ಇದನ್ನೋದಿ ಉತ್ಸಾಹ ಬಂದವರಿಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ, ಮಾರುವವನಿಗೆ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ಮೇಲೆ ಅದಕ್ಕೆ ಕನಿಷ್ಠ 7 ವರ್ಷಗಳ ಸೆರೆವಾಸ. ಕೊಡಗಿನವರಿಗೆ ವಿನಾಯಿತಿಯುಂಟಲ್ಲ ಎನ್ನುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜಿಸುವ ಆ ಕೋವಿಗೆ ಮನೆಯಲ್ಲಿ ತೋಟಾ ತಯಾರಿಸುವುದು ಬೇರೆಯೇ ಮಾತು.

ಈ ಹವ್ಯಾಸದ ಇನ್ನೊಂದು ಕಟ್ಟಳೆ ಮನೆಮಂದಿಗೆ ಸಂಬಂಧಿಸಿದ್ದು. ಬೇರೆಯವರು ತುಂಬಿದ ತೋಟಾವನ್ನು ಹಾರಿಸಬಾರದು. ತುಂಬಿದವನು ಎಷ್ಟೇ ಆಪ್ತನಾದರೂ ಸರಿಯೆ. ಅದಕ್ಕಾಗಿ ಪ್ರತಿ ಪೆಟ್ಟಿಗೆಯ ಮೇಲೂ ಮದ್ದಿನ ಹೆಸರು, ತೂಕ, ಗುಂಡು, ತಾರೀಖು ಬರೆದು ಅಂಟಿಸುವ ರೂಢಿಯಿದೆ. ಯಜಮಾನ ತೀರಿಕೊಂಡ ಮೇಲೆ ಅಟ್ಟದಲ್ಲಿ ಚೀಟಿಯಿಲ್ಲದ ಪೆಟ್ಟಿಗೆಗಳು ದೊರೆಯುವುದುಂಟು. ತಂದೆಯ ಕೈಕೆಲಸವೆಂಬ ಮಮತೆಯಿಂದ ಅವನ್ನು ಹಾರಿಸಲು ಹೊರಟ ಮಕ್ಕಳಿಗೆ ಹಿರಿಯ ಗುರಿಕಾರರು ಹೇಳುವುದಿಷ್ಟೆ: ಪುಸ್ತಕ, ತಕ್ಕಡಿ, ಒತ್ತುಯಂತ್ರಗಳನ್ನು ಇಟ್ಟುಕೊಳ್ಳಿ, ತೋಟಾಗಳನ್ನು ಮಾತ್ರ ತಿಳಿದವರ ಕೈಗೆ ಒಪ್ಪಿಸಿಬಿಡಿ.